ಹೊಸ ಪೆಟ್ಟಿಗೆಯ ಕಿವಿ

ಮತ್ತೆ ಟಿಕ್ ಎಂದಿತು.

ಅಕ್ಕ ಹೆಡ್‌ಫೋನನ್ನು ಕಿವಿಯಿಂದ ಕಿತ್ತು ಕುತ್ತಿಗೆಗೆ ಇಳಿಬಿಟ್ಟು, ಸ್ಟುಡಿಯೋವನ್ನೆಲ್ಲ ಕಳ್ಳನನ್ನು ಹುಡುಕುವ ಪೊಲೀಸಿನಂತೆ ದಿಟ್ಟಿಸಿದಳು. ಬೆಳಗಿನಿಂದ ಈ ಟಿಕ್‌ನ ಬೆನ್ನು ಹತ್ತಿ ಅವಳು ಫ್ರಿಜ್ಜಿನ ಪ್ಲಗ್ ಎಳೆದಿದ್ದಳು, ಟ್ಯೂಬ್‌ಲೈಟ್ ಆರಿಸಿದ್ದಳು, ಗಂಡನ ಕೈಗಡಿಯಾರ ಬಿಚ್ಚಿಸಿ ಮೇಲಿನ ಕೋಣೆಯ ದಿಂಬಿನ ಕೆಳಗೆ ಹೂತಿಟ್ಟು ಬಂದಿದ್ದಳು. ಆದರೂ ಟಿಕ್. ಸ್ವಲ್ಪ ಹೊತ್ತು ಸುಮ್ಮನಿದ್ದು, ಸದ್ಯ ತೊಲಗಿತು ಎಂದು ಇವಳು ಉಸಿರು ಬಿಡುವ ಹೊತ್ತಿಗೆ ಸರಿಯಾಗಿ ಇನ್ನೊಂದು.

"ನಿಮ್ಮ ಮಂಡಿ ಏನಾದ್ರೂ ಸದ್ದು ಮಾಡ್ತಿದ್ಯೇನ್ರೀ?"

"ನನ್ನ ಮಂಡಿ ಆಗಲೇ ನಿದ್ದೆ ಹೋಗಿದೆ ಕಣೇ," ಎಂದ ಗಂಡ, ಬಾಗಿಲ ಪಕ್ಕದ ಸೋಫಾದಿಂದ. ಅವನು ಪಿಯಾನೋಗಳಿಗೆ ಶ್ರುತಿ ಮಾಡುವವನು; ಮನೆಯಲ್ಲಿ ಮಾತ್ರ ಯಾವುದರ ಶ್ರುತಿಗೂ ಕೈ ಹಾಕುತ್ತಿರಲಿಲ್ಲ. "ಆ ಹೊಸ ಪೆಟ್ಟಿಗೇನೇ ಒಂದು ಮಾತು ಕೇಳ್ನೋಡು."

"ಅದರ ತಂಟೆಗೆ ಬರಬೇಡಿ. ಅದು ಉಸಿರು ಕೂಡ ಆಡಲ್ಲ, ಅಂಥದ್ದು."

ಹೊಸ ಪೆಟ್ಟಿಗೆ ಎಂದರೆ ಕನ್ವರ್ಟರ್. ಮೈಕಿನಿಂದ ತಂತಿಯೊಳಗೆ ಅಲೆಅಲೆಯಾಗಿ ಬರುವ ದನಿಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಸಾವಿರಾರು ಸಲ ಅಳೆದು, ಅಂಕಿಗಳನ್ನಾಗಿ ಮಾಡಿ ಕಂಪ್ಯೂಟರಿಗೆ ದಾಟಿಸುವುದು ಅದರ ಕೆಲಸ. ಹಳೆಯದೊಂದು ಮೊದಲೇ ಇತ್ತು. ಅದು ಎಷ್ಟು ಹಳೆಯದೆಂದರೆ ಅದರ ದೀಪಗಳಿಗೇ ಕಣ್ಣಿನ ಪೊರೆ ಬಂದಿತ್ತು. ವಾದ್ಯಗಳಿಗೆ ಅದೇ ಇರಲಿ, ಹಾಡುವ ಮೈಕಿಗೆ ಮಾತ್ರ ಹೊಸದು ಎಂದು ಅಕ್ಕ ಎರಡನ್ನೂ ಒಂದರ ಮೇಲೊಂದು ಕೂರಿಸಿ, ನಡುವೆ ಒಂದು ಕೇಬಲ್ ಹಾಕಿದ್ದಳು. 'ಕೂ' ಎನ್ನುವ ಪರೀಕ್ಷೆಯ ಸ್ವರ ಹರಿಸಿ, ಮೀಟರಿನ ಮುಳ್ಳು ಕೂದಲೆಳೆಯಷ್ಟೂ ಅಲುಗದ ಹಾಗೆ ಮಟ್ಟ ಹೊಂದಿಸಿದ್ದಳು. ಪೆಟ್ಟಿಗೆಯ ಜೊತೆ ಬಂದ ಪುಸ್ತಕವನ್ನು ಮೇಜಿನ ಗಿಡ್ಡ ಕಾಲಿಗೆ ಆಸರೆಯಾಗಿ ಕೊಟ್ಟಿದ್ದಳು.

ಪುಸ್ತಕ ಅವಳಿಗೆ ಯಾಕೆ? ಅವಳ ಕಿವಿ ಸಾಮಾನ್ಯದ ಕಿವಿಯಲ್ಲ. ಮೂರು ಬೀದಿ ಆಚೆ ಯಾರಾದರೂ ಸುಳ್ಳು ಹೇಳಿದರೆ ಆ ಸುಳ್ಳು ಯಾವ ಶ್ರುತಿಯಲ್ಲಿತ್ತೆಂದು ಇಲ್ಲಿ ಕೂತೇ ಹೇಳಬಲ್ಲ ಕಿವಿ. ನೋಡಲು ಬಂದ ಗಂಡುಗಳನ್ನೆಲ್ಲ ಕೆಮ್ಮು ಅಪಸ್ವರವೆಂದು ವಾಪಸ್ ಕಳಿಸಿದವಳು; ಈ ಗಂಡ ಹೆದರಿ ಕೆಮ್ಮದೆ ಕೂತಿದ್ದರಿಂದ ಪಾಸಾದ. ಅಂಥ ಕಿವಿಗೆ ಹೋದ ತಿಂಗಳು ಒಂದು ಹಾಡು ಬಿದ್ದಿತ್ತು. ಹಾಡಿದವಳು ತಂಗಿ. ರೆಕಾರ್ಡ್ ಮಾಡಿದವನು ಊರಿನ ಆ ಕೊನೆಯಲ್ಲಿ ಸ್ಟುಡಿಯೋ ಇಟ್ಟಿರುವ ಗಡ್ಡ.

ತಂಗಿಯ ದನಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ತಂಗಿ ಮೊಣಕಾಲೆತ್ತರ ಇದ್ದಾಗಿನಿಂದ ಸ್ವರ ಕಲಿಸಿ, ತಪ್ಪಿದಾಗ ಅಡಿಕೋಲಿನಿಂದ ಮೇಜು ಕುಟ್ಟಿ, ಮೊದಲ ಕ್ಯಾಸೆಟ್ಟಿನಿಂದ ಇಲ್ಲಿಯವರೆಗೆ ಒಂದೊಂದು ಹಾಡನ್ನೂ ತಾನೇ ರೆಕಾರ್ಡ್ ಮಾಡಿದವಳು. ಈಗ ಹೊಸ ಆಲ್ಬಮ್ಮಿನ ಮೊದಲ ಎರಡು ಹಾಡು ಗಡ್ಡನ ಬಳಿ ಆಗಿದ್ದವು. ಗಂಡ ತನ್ನ ಫೋನಿನಲ್ಲಿ ಅವುಗಳಲ್ಲೊಂದನ್ನು ಹಾಕಿದಾಗ ಅಕ್ಕ ಪೂರ್ತಿ ಕೇಳಿ, "ಪರವಾಗಿಲ್ಲ" ಎಂದು ಎದ್ದು ಹೋದಳು. ಆ ದಿನ ಅವಳ ಹೊಟ್ಟೆಯಲ್ಲಿ ಎದ್ದ ಉರಿಗೆ ಹಂಡೆ ಇಟ್ಟಿದ್ದರೆ ಇಡೀ ಬೀದಿ ಬಿಸಿನೀರು ಸ್ನಾನ ಮಾಡಬಹುದಿತ್ತು. ಅದು ತಂಗಿಯದೇ ದನಿ, ಆದರೆ ಎಲ್ಲೋ ಕಿಟಕಿ ತೆಗೆದಿಟ್ಟ ಹಾಗೆ. ತಾನು ಇಷ್ಟು ವರ್ಷ ಹಿಡಿದದ್ದು ಕಿಟಕಿ ಮುಚ್ಚಿದ ದನಿ.

ಅಕ್ಕ ಲೆಕ್ಕ ಹಾಕಿದಳು. ದನಿ ನಾನು ಬೆಳೆಸಿದ್ದು. ಮೈಕು ನನ್ನ ಹತ್ತಿರವೂ ಅಂಥದ್ದೇ ಇದೆ. ಕಿವಿಯ ಮಾತಂತೂ ಬೇಡವೇ ಬೇಡ. ಇನ್ನು ಉಳಿದದ್ದು ಪೆಟ್ಟಿಗೆ. ಅವನ ಬಳಿ ಇರುವುದು ಯಾವುದೆಂದು ನಾಲ್ಕು ಜನರ ಬಾಯಿ ಬಿಡಿಸಿ, ಅದನ್ನೇ ತರಿಸಿದಳು, ಬಣ್ಣ ಸಮೇತ. ಆಮೇಲೆ ತಂಗಿಗೆ ಫೋನ್ ಮಾಡಿ, ಉಳಿದ ಹಾಡು ಇಲ್ಲೇ ಮಾಡೋಣ ಎಂದಳು.

"ಒಂದು ಹಾಡು ಮಾಡಿ ನೋಡೋಣ ಅಕ್ಕ. ಆಮೇಲೆ ಹೇಳ್ತೀನಿ," ಎಂದಿದ್ದಳು ತಂಗಿ. "ಅವರೂ ಬರ್ತಾರೆ. ಗಿಟಾರ್ ಅವರದ್ದೇ."

ಈಗ ತಂಗಿಯ ಜೊತೆ ಅವರು ಬಂದೇಬಿಟ್ಟರು. ಗಡ್ಡ ಎಂಬ ಹೆಸರಿಗೆ ಮೋಸವಿರಲಿಲ್ಲ. ಎರಡು ಜೋಡಿ ಗುಬ್ಬಿಗಳು ಸಂಸಾರ ಹೂಡಿದ್ದರೂ ತಿಳಿಯದಷ್ಟು ಗಡ್ಡ.

"ಅಕ್ಕ, ಇವರೇ," ಎಂದಳು ತಂಗಿ.

"ಗೊತ್ತಾಯ್ತು. ಮುಖಕ್ಕಿಂತ ಮೊದಲು ಅದೇ ಒಳಗೆ ಬಂತು."

ಅವನು ನಕ್ಕ. ಜೊತೆಗೆ ತಂಗಿಯೂ ನಕ್ಕಳು. ಆ ನಗು ಅಕ್ಕನಿಗೆ ಹಿಡಿಸಲಿಲ್ಲ. ಇಷ್ಟು ವರ್ಷದಲ್ಲಿ ಈ ಕೋಣೆಯೊಳಗೆ ಕೇಳದ ನಗು ಅದು.

"ಅರೆ, ನಮ್ಮಲ್ಲಿರೋದೂ ಇದೇ," ಎಂದ ಗಡ್ಡ, ಹೊಸ ಪೆಟ್ಟಿಗೆಯ ಮುಂದೆ ಬಗ್ಗಿ.

"ಹೌದಾ? ಅಂಗಡೀಲಿ ಇದೊಂದೇ ಇತ್ತು," ಎಂದಳು ಅಕ್ಕ. ಮೂರು ಬೀದಿ ಆಚೆಯೂ ಕೇಳಿಸುವಂಥ ಸುಳ್ಳು.

"ಆದ್ರೆ ಬೆಳಗಿಂದ ಟಿಕ್ ಟಿಕ್ ಅಂತಿದೆ ಕಣಪ್ಪ," ಎಂದುಬಿಟ್ಟ ಗಂಡ. ಅಕ್ಕ ಅವನ ಕಡೆ ತಿರುಗಿದಳು. ಆ ನೋಟಕ್ಕೆ ಫ್ರಿಜ್ಜಿನಲ್ಲಿದ್ದ ಹಾಲು ಒಡೆದಿರಬೇಕು.

ಗಡ್ಡ ಹೆಡ್‌ಫೋನ್ ಹಾಕಿಕೊಂಡು ಎರಡು ಟಿಕ್ ಕೇಳಿದ. "ಅಕ್ಕ, ಇದರಲ್ಲಿ ತಾಳ ಹಾಕೋ ಪೆಟ್ಟಿಗೆ ಯಾವುದು, ಕೇಳೋ ಪೆಟ್ಟಿಗೆ ಯಾವುದು?"

"ಕೇಳೋದು ಅಂದ್ರೆ? ಎರಡೂ ಮಾಸ್ಟರೇ. ನನ್ನ ಸ್ಟುಡಿಯೋದಲ್ಲಿ ಯಾವುದೂ ಇನ್ನೊಂದರ ಕೈಕೆಳಗಿಲ್ಲ."

"ಅದಕ್ಕೇ. ಎರಡೂ ತಮ್ಮ ತಮ್ಮ ಗಡಿಯಾರ ನೋಡ್ಕೊಂಡು ಅಳೀತಿವೆ. ಒಂದು ಚೂರೇ ಚೂರು ಮುಂದೆ ಹೋಗುತ್ತೆ. ಆ ಚೂರು ಒಂದು ಇಡೀ ಅಳತೆ ಆದಾಗ ಟಿಕ್ ಅನ್ನುತ್ತೆ." ಅವನು ಹೆಡ್‌ಫೋನ್ ಕಳಚಿದ. "ನಾನೂ ಇದೇ ಮಾಡಿ ಗೋಡೆಗೆ ತಲೆ ಚಚ್ಕೊಂಡಿದ್ದೆ. ಕೊನೆಗೆ ಗೋಡೆಗೇ ಬೇಜಾರಾಯ್ತು."

ತಂಗಿ ಮತ್ತೆ ನಕ್ಕಳು.

"ಈಗ ಯಾವುದು ಬಗ್ಗಬೇಕು?" ಎಂದಳು ಅಕ್ಕ.

"ಒಂದು ಬಗ್ಗಿದ್ರೆ ಸಾಕು. ಹಳೇದೇ ತಾಳ ಹಾಕ್ಲಿ ಬಿಡಿ, ಹೊಸದು ಕೇಳಿಸ್ಕೊಳ್ಳುತ್ತೆ."

ಇದು ಮರ್ಯಾದೆಯೋ ಕರುಣೆಯೋ ತಿಳಿಯದೆ ಅಕ್ಕನಿಗೆ ಮೈ ಉರಿಯಿತು. ಕರುಣೆಯಾಗಿದ್ದರೆ ಗಡ್ಡಕ್ಕೆ ಬೆಂಕಿ ಇಡಬಹುದಿತ್ತು. ಅವಳೇ ಹೊಸ ಪೆಟ್ಟಿಗೆಯ ಗುಂಡಿ ತಿರುಗಿಸಿ, ಹಳೆಯದರ ತಾಳ ಕೇಳುವಂತೆ ಇಟ್ಟಳು. ಟಿಕ್ ಸತ್ತಿತು. ಕೋಣೆಯಲ್ಲಿ ಎಂಥ ಮೌನ ಇಳಿಯಿತೆಂದರೆ, ಗೋಡೆಯೊಳಗಿನ ಇರುವೆಗಳು ಕೂಡ ನಡೆಯುವುದನ್ನು ಬಿಟ್ಟು ತೆವಳತೊಡಗಿರಬೇಕು.

ತಂಗಿ ಗಾಜಿನ ಆಚೆ ಮೈಕಿನ ಮುಂದೆ ನಿಂತಳು. ಗಡ್ಡ ತನ್ನ ಗಿಟಾರನ್ನು ಮೊದಲೇ ಬೇರೆಯಾಗಿ ನುಡಿಸಿ ಮುಗಿಸಿ, ಅಕ್ಕನ ಹಿಂದೆ ಸ್ಟೂಲಿನ ಮೇಲೆ ಕೂತ. ಅಕ್ಕ ಒಳಗಿನವರ ಜೊತೆ ಮಾತಾಡುವ ಬಟನ್ ಒತ್ತಿದಳು. ಕಟಕ್. "ಹೂಂ, ಶುರು ಮಾಡು. ಎರಡನೇ ಸಾಲಲ್ಲಿ ಮೇಲಕ್ಕೆ ಹೋಗೋವಾಗ ಜಾರಬೇಡ."

ಹೊಸ ಪೆಟ್ಟಿಗೆ ತನ್ನ ಕಿವಿ ತೆರೆಯಿತು. ಅಕ್ಕನ ಕಿವಿಗೆ ಜಗತ್ತಿನಲ್ಲಿ ಸಮ ಯಾವುದೂ ಇಲ್ಲವೆಂದು ಆಗಲೇ ಹೇಳಿದ್ದು ನಿಜ. ಆದರೆ ಇದು ಜಗತ್ತಿನದ್ದೇ ಅಲ್ಲ. ತಂಗಿಯ ಬಟ್ಟೆಯ ಸರಬರ ಕೇಳಿತು. ತುಟಿ ಬಿಡುವುದು ಕೇಳಿತು. ಅದಕ್ಕೂ ಮುಂಚೆ ಇನ್ನೊಂದು ಕೇಳಿತು, ಪುಟ್ಟದು, ಒದ್ದೆಯಾದದ್ದು. ಗಂಟಲಲ್ಲಿ ಉಗುಳಿನ ಗುಟುಕು ಇಳಿದ ಸದ್ದು. ಆಮೇಲೆ ಹಾಡು.

ಹಾಡು ಚೆನ್ನಾಗಿತ್ತು. ಜಾರಲಿಲ್ಲ. ಆದರೆ ಕಿಟಕಿ ಮುಚ್ಚಿಯೇ ಇತ್ತು. ಅದೇ ಪೆಟ್ಟಿಗೆ, ಅದೇ ದನಿ, ಮುಚ್ಚಿದ ಕಿಟಕಿ.

ಕಟಕ್. "ಇನ್ನೊಂದ್ಸಲ."

ಗುಟುಕು. ಹಾಡು.

ಕಟಕ್. "ಮೊದಲನೇ ಸಾಲಲ್ಲಿ ಇನ್ನೂ ಸ್ವಲ್ಪ ಮುಂದಕ್ಕೆ ಬಾ."

ಗುಟುಕು.

ಅಕ್ಕ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದಳು. ಗಡ್ಡನ ಹಾಡುಗಳನ್ನು ಅವಳು ಎಷ್ಟು ಸಲ ಕೇಳಿದ್ದಳೆಂದರೆ ಅವುಗಳ ಸವೆತಕ್ಕೆ ಫೋನೇ ಅರ್ಧ ಹಗುರಾಗಿತ್ತು. ಅವುಗಳಲ್ಲಿ ಈ ಗುಟುಕು ಇರಲಿಲ್ಲ. ತನ್ನ ಹಳೆಯ ರೆಕಾರ್ಡುಗಳಲ್ಲೂ ಕೇಳಿರಲಿಲ್ಲ. ಆದರೆ ಆ ಹಳೆ ಪೆಟ್ಟಿಗೆಯ ಹಿಸ್ಸೆನ್ನುವ ಸದ್ದಿನ ಕೆಳಗೆ ಒಂದು ಆನೆ ಗುಟುಕರಿಸಿದ್ದರೂ ಮುಚ್ಚಿಹೋಗುತ್ತಿತ್ತು.

"ನೀವು ಹೇಳಿ ಅವಳಿಗೆ," ಎಂದಳು ತಿರುಗದೆ.

"ನಾನಾ? ಏನಂತ?" ಎಂದ ಗಡ್ಡ.

"ಏನಾದ್ರೂ. ನಿಮ್ಮಲ್ಲಿ ಏನು ಹೇಳ್ತೀರೋ ಅದು."

ಅವನು ಅವಳ ಭುಜದ ಮೇಲಿಂದ ಕೈ ಚಾಚಿ ಬಟನ್ ಒತ್ತಿದ. ಅದೇ ಕಟಕ್. "ಬಿಸಿಲು ಮೈಕ್ ಮೇಲೆ ಬಿದ್ದಿದೆ ನೋಡಿ. ನೀವು ರೆಡಿ ಆದಾಗ ಹಾಡಿ."

ಬಟ್ಟೆಯ ಸರಬರ. ತುಟಿ ಬಿಟ್ಟ ಸದ್ದು. ನಡುವೆ ಏನೂ ಇಲ್ಲ. ಅಕ್ಕ ಏನೂ ಇಲ್ಲದ ಆ ಜಾಗವನ್ನು ಉಗುರಿನಿಂದ ಕೆರೆದು ಹುಡುಕುವವಳ ಹಾಗೆ ಕೇಳಿದಳು. ಮೊದಲ ಸಾಲು ಎದ್ದಿತು, ಎಲ್ಲ ಕಿಟಕಿಗಳನ್ನೂ ತೆಗೆದುಕೊಂಡು. ಎರಡನೇ ಸಾಲಿನಲ್ಲಿ ಮೇಲಕ್ಕೆ ಹೋಗುವಾಗ ತಂಗಿ ಜಾರಿದಳು. ಜಾರಿ, ಆ ಜಾರಿಕೆಯಲ್ಲೇ ಇನ್ನೊಂದು ಮೆಟ್ಟಿಲು ಹುಡುಕಿಕೊಂಡು ಹತ್ತಿದಳು. ಅಕ್ಕನ ಬೆರಳು ಬಟನ್ನಿನ ಕಡೆ ತಾನಾಗಿಯೇ ಹೋಯಿತು. ಅವಳು ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಮಡಿಲಲ್ಲಿ ಇಟ್ಟುಕೊಂಡಳು.

ಆಗಲೇ ಬೀದಿಯಿಂದ ಜರ್ ಎಂದು ಶುರುವಾಯಿತು. ಎದುರು ಮನೆಗೆ ಟೈಲ್ಸ್ ಹಾಕುತ್ತಿದ್ದರು. ಕಲ್ಲು ಕೊಯ್ಯುವ ಯಂತ್ರದ ಕಿರಿಚು ಗೋಡೆ ಸೀಳಿ ಒಳಗೆ ಬಂತು. ಹೊಸ ಪೆಟ್ಟಿಗೆ ಅದನ್ನೂ ಅಷ್ಟೇ ಪ್ರೀತಿಯಿಂದ ಕೇಳಿಸಿಕೊಂಡಿತು. ತಂಗಿ ನಿಲ್ಲಿಸಿ ಗಾಜಿನಾಚೆಯಿಂದ ಇಬ್ಬರನ್ನೂ ನೋಡಿದಳು. ಮೊದಲು ಗಡ್ಡನನ್ನು.

"ನಾನು ಹೋಗಿ ಹೇಳ್ತೀನಿ," ಎಂದು ಗಂಡ ಸೋಫಾದಿಂದ ಎದ್ದ. ಅದು ಯಾವಾಗಲೂ ಅವನ ಕೆಲಸ.

"ಕೂತ್ಕೊಳ್ಳಿ. ನಿಮ್ಮ ಮಾತು ಯಾರು ಕೇಳ್ತಾರೆ." ಅಕ್ಕ ಹೆಡ್‌ಫೋನ್ ಬಿಚ್ಚಿ ಗಡ್ಡನ ಕೈಗೆ ಕೊಟ್ಟಳು. "ಇಲ್ಲಿ ಬಂದು ಕೂತ್ಕೊಳ್ಳಿ. ಅವಳು ಜಾರಿದ್ರೆ ನಿಲ್ಲಿಸಬೇಡಿ."

"ಅಕ್ಕ, ನೀವು ಬಂದ ಮೇಲೆ..."

"ಸದ್ದು ನಿಂತ ತಕ್ಷಣ ಶುರು ಮಾಡಿ. ಕುರ್ಚಿ ಎತ್ತರ ಮಾತ್ರ ಮುಟ್ಟಬೇಡಿ."

ಎದುರು ಮನೆಯ ಅಂಗಳದಲ್ಲಿ ಟೈಲ್ಸಿನವನು ಕಿವಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ. ಅಕ್ಕ ಅವನ ಮುಂದೆ ಹೋಗಿ ನಿಂತು, ಯಂತ್ರ ನಿಲ್ಲುವವರೆಗೂ ಸುಮ್ಮನೆ ನೋಡಿದಳು.

"ಏನಮ್ಮಾ?" ಎಂದ ಅವನು ಬಟ್ಟೆ ಸರಿಸಿ.

"ಸ್ವಲ್ಪ ಹೊತ್ತು ನಿಲ್ಲಿಸಿ. ಒಂದು ಹಾಡು."

"ಯಾರು ಹಾಡ್ತಿರೋದು?"

"ನನ್ನ ತಂಗಿ."

ಅವನು ತಲೆ ಓರೆ ಮಾಡಿ ಆಲಿಸಿದ. "ಏನೂ ಕೇಳ್ತಿಲ್ವಲ್ಲ."

"ಕೇಳಬಾರದು. ಗೋಡೆ ಹಾಗೆ ಕಟ್ಟಿಸಿದ್ದೀನಿ."

"ಮತ್ತೆ ಮುಗೀತು ಅಂತ ಹೆಂಗೆ ಗೊತ್ತಾಗುತ್ತೆ?"

ಅಕ್ಕ ಸ್ಟುಡಿಯೋದ ಗೋಡೆಯನ್ನು ನೋಡಿದಳು. ಒಳಗೆ ಅವನು ಕುರ್ಚಿ ಎತ್ತರ ಬದಲಿಸಿಯೇ ಇರುತ್ತಾನೆ, ಖಂಡಿತ. ಇಬ್ಬರೂ ನಗುತ್ತಿರುತ್ತಾರೆ. ಎರಡನೇ ಸಾಲು ಬಂದಿರುತ್ತದೆ, ಅಥವಾ ಬಂದು ಹೋಗಿರುತ್ತದೆ.

"ನನಗೂ ಗೊತ್ತಾಗಲ್ಲ," ಎಂದಳು. "ಅವರೇ ಬಂದು ಹೇಳಬೇಕು."

ಟೈಲ್ಸಿನವನು ಒಂದು ಮೂಟೆಯನ್ನು ಅವಳ ಕಡೆ ತಳ್ಳಿದ. ಅವಳು ಕೂರಲಿಲ್ಲ. ಬೀದಿಯ ತಿರುವಿನಲ್ಲಿ ಸಾಮಾನು ತುಂಬಿದ ವ್ಯಾನೊಂದು ಗುಡುಗುಡು ಎನ್ನುತ್ತ ಕಾಣಿಸಿಕೊಂಡಿತ್ತು. ಅಕ್ಕ ರಸ್ತೆಯ ನಡುಮಧ್ಯಕ್ಕೆ ಹೋಗಿ, ಸ್ಟುಡಿಯೋಗೆ ಬೆನ್ನು ಹಾಕಿ ನಿಂತು, ಒಂದು ಕೈ ಎತ್ತಿ ಹಿಡಿದಳು. ವ್ಯಾನು ಹತ್ತಿರ ಬಂದು ನಿಂತಿತು. ಚಾಲಕ ತಲೆ ಹೊರಗೆ ಹಾಕಿ ಬಾಯಿ ತೆರೆದ. ಅವಳು ತುಟಿಯ ಮೇಲೆ ಬೆರಳಿಟ್ಟಳು. ಅವನು ಒಂದು ಗಳಿಗೆ ಅವಳನ್ನೇ ನೋಡಿ, ಕೈ ಕೆಳಗೆ ಹಾಕಿ ಎಂಜಿನ್ ಆರಿಸಿದ.