ಕೆಳಗಿನ ಸ್ಲಾಟ್

ನನ್ನ ಗಂಡನ ಅಂತ್ಯಸಂಸ್ಕಾರಕ್ಕೆ ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಗಡಿಬಿಡಿ ಫೋನ್ ಮಾಡಿದ. ಅವನು ನನ್ನ ಗಂಡನ ಲ್ಯಾಬಿನಲ್ಲೇ ಸಂಶೋಧನೆ ಮಾಡುವವನು. ಅವನಿಗೆ ಗಡಿಬಿಡಿ ಎಂದು ಹೆಸರಿಟ್ಟದ್ದೂ ನನ್ನ ಗಂಡನೇ.

"ಅತ್ತಿಗೆ, ತಿಂಡಿ ಆಯ್ತಾ?"

"ವಿಷಯ ಹೇಳು."

"ಅಣ್ಣನ ಅಂಕಿ ಬರ್ತಾ ಇಲ್ಲ. ಅವರು ಬರೆದಿರೋದು ನಮ್ಮ ರೂಟರ್ ಸೆಕೆಂಡಿಗೆ ಎರಡು ಕೋಟಿ ಪ್ಯಾಕೆಟ್ ದಾಟಿಸುತ್ತೆ ಅಂತ. ಮೂರು ದಿನದಿಂದ ಓಡಿಸ್ತಿದೀನಿ, ಒಂದು ಕೋಟಿ ದಾಟ್ತಿಲ್ಲ. ಆ ಭಾಗ ಪೇಪರಿಂದ ತೆಗೆದುಬಿಡೋಣ ಅಂತಾರೆ ಪ್ರೊಫೆಸರ್. ಅಣ್ಣನ ಹೆಸರನ್ನೂ."

"ಸುಳ್ಳು ಬರೆದ ಅಂತಲಾ?"

"ಹಾಗಂತ ಯಾರೂ ಹೇಳಿಲ್ಲ." ಹೇಳಿದ್ದಾರೆಂದು ಅವನ ದನಿಯಲ್ಲೇ ಇತ್ತು. "ಇನ್ನೊಂದು. ನೆಟ್‌ವರ್ಕ್ ಕಾರ್ಡು ಪಕ್ಕದ ಲ್ಯಾಬಿನ ಮೇಡಂದು. ಅಣ್ಣ ಒಂದು ವಾರಕ್ಕೆ ಅಂತ ಕಡ ತಂದಿದ್ರು, ಐದು ತಿಂಗಳಾಯ್ತು. ಇವತ್ತು ಹನ್ನೆರಡಕ್ಕೆ ಬೇಕೇ ಬೇಕಂತೆ. ಅದು ಹೋದ್ರೆ ಮತ್ತೆ ಅಳೆಯೋಕೂ ಆಗಲ್ಲ. ಅವರು ಏನಾದ್ರೂ ಬರೆದಿಟ್ಟಿದಾರಾ?"

ಗಂಡನ ನೋಟ್‌ಬುಕ್ಕಿನಲ್ಲಿ ಎರಡು ಪುಟ ತುಂಬಿತ್ತು. ಒಂದರಲ್ಲಿ 'ಎರಡು ಕೋಟಿ' ಎಂದು ಬರೆದು ಅಡಿಗೆರೆ. ಇನ್ನೊಂದರಲ್ಲಿ ಗೂಬೆಯ ಚಿತ್ರ; ಅದು ನಾನೆಂದು ಅವನ ವಾದ. ನಾವಿಬ್ಬರೂ ಅದೇ ಲ್ಯಾಬಿನಲ್ಲಿ ಎಂ.ಟೆಕ್ ಮಾಡುತ್ತಿದ್ದ ಕಾಲದಿಂದ ಹೇಳಿದ್ದೇನೆ, ಹೇಗೆ ಅಳೆದೆ ಎಂದು ಬರೆದಿಡು. ಎಲ್ಲ ತಲೇಲಿದೆ ಕಣೇ ಎನ್ನುತ್ತಿದ್ದ. ಈಗ ಆ ತಲೆಯನ್ನು ಎಲ್ಲಿಂದ ತರಲಿ?

"ಎಲ್ಲಿಗೆ ಹೊರಟೆ?" ಅತ್ತೆ ಕೇಳಿದರು.

"ನಿಮ್ಮ ಮಗ ಅರ್ಧಕ್ಕೆ ಬಿಟ್ಟ ಕೆಲಸಕ್ಕೆ."

"ಯಾವುದನ್ನ ಪೂರ್ತಿ ಮಾಡಿದ್ದ ಹೇಳು. ಬಾತ್‌ರೂಮಿನ ನಲ್ಲಿ ಇನ್ನೂ ಸೋರ್ತಿದೆ."

ಲ್ಯಾಬಿನ ಸಾಫ್ಟ್‌ವೇರ್ ರೂಟರ್ ಎಂದರೆ ಒಂದು ದೊಡ್ಡ ಕಂಪ್ಯೂಟರ್, ಅಷ್ಟೇ. ಕಾರ್ಡಿನ ಒಂದು ಬಾಯಿಂದ ಬಂದ ಪ್ಯಾಕೆಟ್ಟನ್ನು, ಅಂದರೆ ಮಾಹಿತಿಯ ಚೂರನ್ನು, ಇನ್ನೊಂದು ಬಾಯಿಗೆ ದಾಟಿಸುತ್ತದೆ. ಒಳಗೆ ಎರಡು ಪ್ರೊಸೆಸರ್, ಒಂದೊಂದರಲ್ಲಿ ಲೆಕ್ಕ ಮಾಡುವ ಹತ್ತು ಕೋರ್. ಕೇಬಲ್ ಬದಲಾಯಿಸಿದೆ. ಪ್ರೋಗ್ರಾಂ ಹೊಸದಾಗಿ ಹಾಕಿದೆ. ಆದರೂ ಒಂದೇ ಕೋಟಿ.

"ನಾನು ಇಪ್ಪತ್ತು ಕೋರೂ ಕೊಟ್ಟು ನೋಡಿದೆ. ಇನ್ನೂ ಕಮ್ಮಿ ಆಯ್ತು," ಎಂದ ಗಡಿಬಿಡಿ.

"ಇದನ್ನ ಯಾರಾದ್ರೂ ಬಿಚ್ಚಿದ್ರಾ?"

"ಇಲ್ಲ. ಧೂಳು ಹೊಡೆದೆ ಅಷ್ಟೆ."

"ಬಿಚ್ಚದೆ ಹೇಗೆ ಹೊಡೆದೆ?"

"ಕಾರ್ಡು ತೆಗೆದೆ, ವಾಪಸ್ ಹಾಕಿದೆ."

"ಯಾವ ಸ್ಲಾಟಿಗೆ?"

"ಕೈಗೆ ಸಿಕ್ಕಿದ್ದಕ್ಕೆ. ಎಲ್ಲಾ ಒಂದೇ ಅಲ್ವಾ?"

ಒಂದೇ ಅಲ್ಲ. ಕಾರ್ಡು ಸಿಕ್ಕಿಸುವ ಮೇಲಿನ ಸ್ಲಾಟುಗಳು ಮೊದಲ ಪ್ರೊಸೆಸರಿನವು, ಕೆಳಗಿನವು ಎರಡನೆಯದರವು. ಪ್ರೋಗ್ರಾಂ ಓಡುವುದು ಎರಡನೆಯದರಲ್ಲಿ. ಇವನು ಹಾಕಿದಂತೆ ಕಾರ್ಡು ಮೇಲಿದ್ದರೆ ಪ್ರತಿ ಪ್ಯಾಕೆಟ್ಟೂ ಒಂದರ ಮನೆಗೆ ಬಂದು ಇನ್ನೊಂದರ ಮನೆಗೆ ಹೋಗಿ ಮತ್ತೆ ಹಿಂದಿರುಗಬೇಕು. ಅರ್ಧ ಹೊತ್ತು ಆ ಓಡಾಟಕ್ಕೇ ಹೋಗುತ್ತದೆ. ಪಿಎಚ್‌ಡಿ ಮಾಡುವವನಿಗೆ ಇದನ್ನು ನಾನು ಹೇಳಬೇಕು.

"ಯಾವತ್ತು ಧೂಳು ಹೊಡೆದದ್ದು?"

ಅವನು ನೆಲ ನೋಡಿದ. "ಅಣ್ಣ ಹೋದ ದಿನ. ಸುದ್ದಿ ಬಂತು, ಏನು ಮಾಡಬೇಕೋ ತೋಚಲಿಲ್ಲ."

ಬೈಯಲು ಬಾಯಿ ತೆರೆದಿದ್ದೆ. ಸ್ಕ್ರೂ ಡ್ರೈವರ್ ಕೊಡು ಎಂದೆ.

ಕಾರ್ಡನ್ನು ಕೆಳಗಿನ ಸ್ಲಾಟಿಗೆ ಇಳಿಸಿ ಮೂರು ಸಲ ಓಡಿಸಿದೆವು. ಮೂರು ಸಲವೂ ಎರಡು ಕೋಟಿಯ ಮೇಲೆ. ಮೂರನೆಯ ಸಲಕ್ಕೆ ಪ್ರೊಫೆಸರ್ ಹಿಂದೆ ಬಂದು ನಿಂತಿದ್ದರು.

"ಸ್ಲಾಟ್ ಯಾವುದು ಅಂತ ಅವನು ಬರೆದಿಡಬೇಕಿತ್ತಮ್ಮ."

"ಇಡಬೇಕಿತ್ತು. ಹೆಸರು?"

"ಇರುತ್ತೆ."

"ಎಲ್ಲಿ?"

"ಮೊದಲು ಎಲ್ಲಿತ್ತೋ ಅಲ್ಲೇ."

ಪೇಪರಿನ ಕಡತ ತೆರೆಸಿ, ಕಾರ್ಡು ಯಾವ ಸ್ಲಾಟಿನಲ್ಲಿತ್ತು, ಯಾವ ಕೋರ್‌ಗಳಲ್ಲಿ ಓಡಿಸಿದ್ದು ಎಂದು ಅವರ ಕಣ್ಣೆದುರೇ ಎರಡು ಸಾಲು ಸೇರಿಸಿದೆ. ಆಮೇಲೆ ಯಂತ್ರ ಆರಿಸಿ ಕಾರ್ಡು ಬಿಚ್ಚಿದೆ. ಗಡಿಬಿಡಿ ತಾನು ಕೊಟ್ಟುಬರುತ್ತೇನೆ ಎಂದ. ಅವನ ಕೈಗೆ ಕೊಡಲಿಲ್ಲ.

ಪಕ್ಕದ ಲ್ಯಾಬಿನ ಮೇಡಂ ನನ್ನನ್ನು ಕಂಡು ಎದ್ದೇ ನಿಂತರು.

"ಅಯ್ಯೋ, ನೀನ್ಯಾಕೆ ಬಂದೆ? ಅಂಥ ಅವಸರ ಏನಿರ್ಲಿಲ್ಲ."

"ಹನ್ನೆರಡಕ್ಕೆ ಬೇಕೇ ಬೇಕು ಅಂದ್ರಂತೆ."

"ಹಾಗೆ ಹೇಳದಿದ್ರೆ ನಿಮ್ಮ ಲ್ಯಾಬಿನವರು ಯಾವತ್ತಾದ್ರೂ ಕೊಟ್ಟಿದಾರಾ? ಬೇಕಿದ್ರೆ ಇನ್ನೊಂದು ವಾರ ಇಟ್ಕೊಳಮ್ಮ."

"ಬೇಡ ಮೇಡಂ," ಎಂದು ಕಾರ್ಡನ್ನು ಅವರ ಮೇಜಿನ ಮೇಲಿಟ್ಟೆ.