ಕಂಬ ಹಿಡಿಯುವ ಕೈ

ಒಂದೂವರೆ ವರ್ಷದಲ್ಲಿ ಮೊದಲ ಸಲ ನಾನು ತಂಗಿಯ ಕೈಯಿಂದ ಕ್ಯಾಲ್ಸಿಯಂ ಮಾತ್ರೆ ಕಿತ್ತುಕೊಂಡೆ.

"ದಿನಾ ನುಂಗು ನುಂಗು ಅಂತ ಪ್ರಾಣ ತಿಂತಿದ್ದೋಳು ಇವತ್ತು ಕಿತ್ಕೋತೀಯಲ್ಲೇ ಅಕ್ಕ! ತಲೆ ನೆಟ್ಟಗಿದೆ ತಾನೆ?"

"ಸ್ಕ್ಯಾನ್ ದಿನ ಬೇಡ ಅಂತ ಚೀಟೀಲಿ ಬರ್ದಿದ್ದಾರೆ. ಹೊಟ್ಟೇಲಿ ಕರಗದೆ ಉಳಿದ ಮಾತ್ರೆನೂ ಮೂಳೆ ಥರಾನೇ ಕಾಣುತ್ತಂತೆ. ಲೆಕ್ಕ ತಪ್ಪುತ್ತೆ."

"ತಪ್ಪಲಿ ಬಿಡು. ಜಾಸ್ತಿ ತಾನೆ ತೋರಿಸೋದು!"

ನಕ್ಕುಬಿಟ್ಟೆ. ಆ ಮಾತನ್ನು ಆಗಲೇ ಗಮನಿಸಬೇಕಿತ್ತು.

ಔಷಧದ ಡಬ್ಬಿಗಳೊಳಗೆ ಮಡಚಿಡುವ ಚೀಟಿಗಳ ಕರಡು ತಿದ್ದುವುದು ನನ್ನ ಕೆಲಸ. ದಿನವಿಡೀ ಅಡ್ಡಪರಿಣಾಮಗಳನ್ನೇ ಓದುವವಳಿಗೆ ನೆಮ್ಮದಿ ಎಲ್ಲಿಂದ ಬರಬೇಕು? ತಂಗಿ ಗೋಡೆಗಳ ಮೇಲೆ ಚಿತ್ರ ಬರೆಯುತ್ತಾಳೆ. ಎಡಗೈಯಲ್ಲಿ ಕುಂಚ ಹಿಡಿಯುವುದರಿಂದ ಮನೆಯಲ್ಲೂ ಕೆಲಸದಲ್ಲೂ ಅವಳು ಎಡಚಿ. ನೂರ ಅರವತ್ತೆಂಟು ಕಿಲೋ ಇದ್ದಾಗ ಗೋಡೆಗೆ ಕಟ್ಟುವ ಸಾರುವೆಯ ಹಲಗೆಗಳ ಮೇಲೆ ಅವಳನ್ನು ಹತ್ತಿಸುವ ಧೈರ್ಯ ಯಾವ ಮೇಸ್ತ್ರಿಗೂ ಇರಲಿಲ್ಲ. ಹಾಗಾಗಿ ಏಳು ವರ್ಷ ನೆಲದ ಮೇಲೆ ನಿಂತು ಕೈಗೆ ಎಟುಕಿದಷ್ಟನ್ನೇ ಬರೆದಳು. ಆನೆಯ ಕಾಲು, ಕುದುರೆಯ ಗೊರಸು, ಸೈನಿಕರ ಬೂಟು, ಹುಲ್ಲು. ಮುಖಗಳೆಲ್ಲ ಮೇಲೆ ಹತ್ತಿದವರ ಪಾಲು.

ಹೊಟ್ಟೆ ಚಿಕ್ಕದು ಮಾಡುವ ಶಸ್ತ್ರಚಿಕಿತ್ಸೆಯಾದ ಮೇಲೆ ತೂಕ ಎಂಬತ್ತೊಂಬತ್ತಕ್ಕೆ ಇಳಿಯಿತು. ಆದರೆ ಎಂಟನೇ ತಿಂಗಳಲ್ಲಿ ಒಂದೇ ಒಂದು ಮೆಟ್ಟಿಲು ತಪ್ಪಿ ಕಾಲ್ಬೆರಳ ಮೂಳೆ ಮುರಿದುಕೊಂಡಳು. ಚಿಕ್ಕ ಹೊಟ್ಟೆ ಮೂಳೆಗೆ ಬೇಕಾದ್ದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ, ಹೊರುವ ಭಾರ ಇಳಿದಂತೆ ಮೂಳೆಯೂ ಸೊರಗುತ್ತದೆ ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಅದಕ್ಕೇ ಈ ಹೊಸ ಗೋಡೆಗೆ ಮೇಸ್ತ್ರಿಯದು ಒಂದೇ ಮಾತು: "ಸೋಮವಾರದೊಳಗೆ ಮೂಳೆ ಗಟ್ಟಿ ಇದೆ ಅಂತ ಡಾಕ್ಟರ ಕಾಗದ ತಾ, ಜಿರಾಫೆ ಮುಖ ನಿಂದು. ಇಲ್ಲಾಂದ್ರೆ ಗೊರಸು ಇದ್ದೇ ಇದೆ."

ಮಕ್ಕಳ ಗ್ರಂಥಾಲಯದ ನಾಲ್ಕು ಮಹಡಿಯ ಗೋಡೆ. ಅದರ ತುಂಬ ಒಂದೇ ಜಿರಾಫೆ. ಒಂದು ತಿಂಗಳಿಂದ ನಮ್ಮ ಮನೆಯ ಫ್ರಿಜ್ ಮೇಲೆ, ಕನ್ನಡಿಯ ಮೇಲೆ, ಕೊನೆಗೆ ನನ್ನ ಕರಡುಗಳ ಹಿಂದೆ ಕೂಡ ಜಿರಾಫೆಯ ಕಣ್ಣುಗಳೇ. ಎಡಚಿಯ ಕಾಲು ನೆಲಕ್ಕೆ ತಾಗುತ್ತಲೇ ಇರಲಿಲ್ಲ.

ಸ್ಕ್ಯಾನ್ ಕೋಣೆಯ ಬಾಗಿಲು ಅರೆ ತೆರೆದಿತ್ತು. ನಾನು ಹೊರಗಿನ ಕುರ್ಚಿಯ ತುದಿಯಲ್ಲಿದ್ದೆ.

"ಅಕ್ಕಾ, ಹತ್ತಿ ಮಲಗ್ದೆ! ಮೇಜು ಕಿರ್ ಅನ್ನಲೂ ಇಲ್ಲ!"

ನನಗೂ ಕೂಗಬೇಕೆನ್ನಿಸಿತು. ಶಸ್ತ್ರಚಿಕಿತ್ಸೆಗೆ ಮುಂಚೆ ಇದೇ ಮೇಜು ಅವಳ ಭಾರ ತಾಳದೆಂದು ಸೊಂಟ, ಬೆನ್ನು ಎರಡನ್ನೂ ಬಿಟ್ಟು ಮುಂಗೈಯನ್ನು ಮಾತ್ರ ಅಳೆದಿದ್ದರು. ಆಗಿದ್ದ ಹೆಂಗಸು "ದುಡಿಯೋ ಕೈ ಮೂಳೆ ಗಟ್ಟಿ ಇರುತ್ತಮ್ಮ, ಇನ್ನೊಂದು ಕೈ ಕೊಡಿ" ಎಂದು ಬಲಗೈ ತೆಗೆದುಕೊಂಡಿದ್ದರು. ಈಗಿರುವಾಕೆ ಹೊಸಬರು. ಸೊಂಟ ಮುಗಿಯಿತು, ಬೆನ್ನು ಮುಗಿಯಿತು. ಯಂತ್ರದ ತೋಳು ಸದ್ದಿಲ್ಲದೆ ಸರಿಯುವುದನ್ನು ನೋಡುತ್ತ ನಾನು ಉಸಿರು ಎಣಿಸುತ್ತಿದ್ದೆ.

"ಬರೆಯೋದು ಯಾವ ಕೈಲಿ?" ಎಂದು ಕೇಳಿದ್ದು ಕಿವಿಗೆ ಬಿತ್ತು. ಉತ್ತರ ಬೀಳಲಿಲ್ಲ.

ಅರ್ಧ ಗಂಟೆಯಲ್ಲಿ ಡಾಕ್ಟರ್ ನಮ್ಮನ್ನು ಒಳಗೆ ಕರೆದರು. ಹಳೆಯ ಹಾಳೆ, ಹೊಸ ಹಾಳೆ ಪಕ್ಕಪಕ್ಕ ಇಟ್ಟು ಕನ್ನಡಕ ಏರಿಸಿದರು.

"ಸೊಂಟ, ಬೆನ್ನು ವಯಸ್ಸಿಗೆ ತಕ್ಕ ಹಾಗಿವೆ. ಆದ್ರೆ ಅವಕ್ಕೆ ಹಳೇ ಲೆಕ್ಕ ಇಲ್ಲ. ಮೂಳೆ ಎಷ್ಟು ಬೇಗ ಕರಗ್ತಿದೆ ಅನ್ನೋದು ಕೈ ನೋಡೇ ಹೇಳ್ಬೇಕು. ಇಲ್ಲಿ ನೋಡಿದ್ರೆ... ಅರೆ! ಕಮ್ಮಿ ಆಗೋದಿರಲಿ, ನೂರಕ್ಕೆ ಎರಡು ಪಾಲು ಜಾಸ್ತಿನೇ ಆಗಿದೆ! ಏನು ಮಾಡಿದ್ರಿ?"

"ಅಕ್ಕ ಮಾಡಿದ್ದು. ಗಡಿಯಾರ ಇಟ್ಟು ಮಾತ್ರೆ ನುಂಗ್ಸಿದ್ದಾಳೆ. ಇವಳನ್ನ ಜೈಲಿಗೆ ಹಾಕ್ಸಿ ಡಾಕ್ಟ್ರೇ!"

ಮೂವರೂ ನಕ್ಕೆವು. ನನಗೆ ಹಾಲು ಕುಡಿದಷ್ಟು ಸಂತೋಷ. ಡಾಕ್ಟರ್ ಕಾಗದ ಬರೆಯಲು ಪೆನ್ನು ತೆಗೆದರು. ನನ್ನ ಕಣ್ಣು ಮಾತ್ರ ಅಭ್ಯಾಸ ಬಿಡಲಿಲ್ಲ, ಆ ಎರಡು ಹಾಳೆಗಳ ಮೇಲೆ ಕರಡು ನೋಡುವಂತೆ ಓಡಿತು. ಹಳೆಯದರ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬಲ ಎಂದಿತ್ತು. ಹೊಸದರಲ್ಲಿ ಎಡ.

ತಂಗಿಯ ಕಡೆ ತಿರುಗಿದೆ. ಅವಳು ನೆಲ ನೋಡುತ್ತಿದ್ದಳು.

"ಒಂದೇ ನಿಮಿಷ ಡಾಕ್ಟ್ರೇ" ಎಂದು ಅವಳ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದೆ. ನೀರಿನ ಯಂತ್ರದ ಪಕ್ಕ ಯಾರೂ ಇರಲಿಲ್ಲ.

"ಬೇಕಂತಲೇ ಎಡಗೈ ಕೊಟ್ಟೆಯಾ?"

"ಅವರು ಕೇಳಿದ್ರು. ಎಲ್ರ ಹಾಗೇ ಬಲಗೈಲಿ ಬರೀತೀನಿ ಅಂದೆ." ಅವಳು ಡಾಕ್ಟರ ಬಾಗಿಲ ಕಡೆ ನೋಡಿದಳು. "ಏಳು ವರ್ಷ ಗೊರಸು ಬರ್ದಿದ್ದೀನಿ ಅಕ್ಕ. ಬಲಗೈ ಕಮ್ಮಿ ಬಂದ್ರೆ ಮುಖ ಇನ್ಯಾರ್ದೋ ಆಗುತ್ತೆ. ಬಾಯಿ ಮುಚ್ಕೊಂಡಿರು. ನಿನ್ನ ದಮ್ಮಯ್ಯ."

ಮುಚ್ಚಿಕೊಂಡಿರಬಹುದಿತ್ತು. ಅಷ್ಟು ಹತ್ತಿರದಲ್ಲಿತ್ತು ಆ ಕಾಗದ.

"ಮೇಲೆ ಹತ್ತಿದ ಮೇಲೆ ಕುಂಚ ಯಾವ ಕೈಲಿರುತ್ತೆ?"

"ಗೊತ್ತಿದ್ದೂ ಕೇಳ್ತೀಯಲ್ಲ. ಎಡಗೈಲಿ."

"ಸಾರುವೆ ಕಂಬ ಹಿಡ್ಕೊಳ್ಳೋದು?"

ಅವಳ ಬಲಗೈ ತಾನಾಗಿಯೇ ನೀರಿನ ಯಂತ್ರದ ಅಂಚನ್ನು ಹಿಡಿದಿತ್ತು. ಆ ಕೈಯನ್ನೇ ಸ್ವಲ್ಪ ಹೊತ್ತು ನೋಡಿದಳು, ಯಾರದೋ ಕೈ ಎಂಬಂತೆ.

"ನಿನ್ನಂಥ ಅಕ್ಕ ಶತ್ರುಗೂ ಬೇಡ" ಎಂದಳು. ಆಮೇಲೆ ನನಗಿಂತ ಮುಂದೆ ತಾನೇ ನಡೆದು ಡಾಕ್ಟರ ಬಾಗಿಲು ತಳ್ಳಿದಳು. "ಡಾಕ್ಟ್ರೇ, ಪೆನ್ನು ಕೆಳಗಿಡಿ. ನಾನು ಎಡಚಿ. ಸುಳ್ಳು ಹೇಳಿ ಗಟ್ಟಿ ಕೈ ಕೊಟ್ಬಿಟ್ಟೆ."

ಡಾಕ್ಟರ್ ಅವಳನ್ನು ನೋಡಿದರು, ನನ್ನನ್ನು ನೋಡಿದರು. "ಇಪ್ಪತ್ತು ವರ್ಷದ ಕೆಲಸದಲ್ಲಿ ಮೂಳೆ ಕಾಪಿ ಹೊಡೆದೋರನ್ನ ಇವತ್ತೇ ನೋಡಿದ್ದು" ಎಂದು ಫೋನ್ ಎತ್ತಿದರು. "ಇವರನ್ನ ಮತ್ತೆ ಕಳಿಸ್ತಿದ್ದೀನಿ. ಈ ಸಲ ಬಲಗೈ."

ಎರಡನೇ ಸಲ ಕಾಯುವಾಗ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಅತ್ತಿಂದಿತ್ತ ಇಪ್ಪತ್ತೆಂಟು ಹೆಜ್ಜೆ. ಕಮ್ಮಿ ಬಂದರೆ ಅವಳು ನನ್ನ ಮುಖ ನೋಡುತ್ತಾಳೆಯೇ? ನಾನು ಮಾತ್ರೆಯ ಹೊತ್ತು ಎಲ್ಲಾದರೂ ತಪ್ಪಿಸಿದ್ದೆನೆ? ಕಬ್ಬಿಣದ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಪ್ರತಿದಿನವೂ ಇಟ್ಟಿದ್ದೆನೆ?

ಹಾಳೆ ಬಂತು. ಡಾಕ್ಟರ್ ಎರಡು ಸಲ ಓದಿದರು.

"ನೂರಕ್ಕೆ ಮೂರು ಪಾಲು ಕಮ್ಮಿ."

ಎಡಚಿ ಕಣ್ಣೊರೆಸಿಕೊಂಡಳು.

"ಯಾಕೆ ಅಳ್ತೀರಿ? ನಾನು ಇನ್ನೂ ಜಾಸ್ತಿ ಇಳಿದಿರುತ್ತೆ ಅಂದ್ಕೊಂಡಿದ್ದೆ. ಇದು ಹತ್ತಬಾರದ ಮೂಳೆ ಅಲ್ಲ. ಸೊಂಟಕ್ಕೆ ಹಗ್ಗದ ಪಟ್ಟಿ ಕಟ್ಟದೆ ಒಂದು ಮೆಟ್ಟಿಲೂ ಹತ್ತಬಾರದು. ಮಾತ್ರೆ ತಪ್ಪಬಾರದು. ಆರು ತಿಂಗಳಿಗೆ ರಕ್ತ, ವರ್ಷಕ್ಕೆ ಸ್ಕ್ಯಾನ್." ಅವರು ಬರೆಯತೊಡಗಿದರು. "ಆ ಎಡಗೈ ಹಾಳೆನೂ ಇಟ್ಕೋತೀನಿ. ಮುಂದಿನ ವರ್ಷ ಎರಡೂ ಕೈ ಹಾಜರಾಗ್ಬೇಕು."

ಎಡಚಿ ಕಿರುಚಿದ ಸದ್ದಿಗೆ ಹೊರಗೆ ಕೂತವರೆಲ್ಲ ಎದ್ದು ನಿಂತರು. ಅವಳು ಮೊದಲು ಡಾಕ್ಟರನ್ನು ತಬ್ಬಿಕೊಂಡಳು, ಆಮೇಲೆ ನನ್ನನ್ನು, ಆಮೇಲೆ ಓಡಿಹೋಗಿ ಸ್ಕ್ಯಾನ್ ಕೋಣೆಯಾಕೆಯನ್ನು. "ಸುಳ್ಳು ಹೇಳ್ದೆ, ಬೇಜಾರು ಮಾಡ್ಕೋಬೇಡಿ" ಎಂದು ಅವರ ಎರಡೂ ಕೈ ಕುಲುಕಿದಳು.

ಸೋಮವಾರ ಬೆಳಿಗ್ಗೆ ನಾನು ಕಚೇರಿಗೆ ರಜೆ ಹಾಕಿ ಆ ಗೋಡೆಯ ಕೆಳಗೆ ನಿಂತಿದ್ದೆ. ಸೊಂಟದ ಪಟ್ಟಿಯ ಕೊಕ್ಕೆ ಬಿಗಿದಿದೆಯೇ ಎಂದು ಮೇಸ್ತ್ರಿಯನ್ನು ನಾಲ್ಕು ಸಲ ಕೇಳಿದೆ. "ಇನ್ನೊಂದ್ಸಲ ಕೇಳಿದ್ರೆ ನಿಮ್ಮನ್ನೂ ಕಟ್ಟಿ ಮೇಲೆ ಕಳಿಸ್ತೀನಮ್ಮ" ಎಂದರು.

ಮೂರನೇ ಮಹಡಿಯ ಎತ್ತರದಲ್ಲಿ ಎಡಚಿ ಹಲಗೆಯ ಮೇಲೆ ಎದ್ದು ನಿಂತಳು. ಎಡಗೈಯ ಕುಂಚ ದೊಡ್ಡದೊಂದು ರೆಪ್ಪೆಯನ್ನು ಎಳೆಯಿತು. ಬಲಗೈ ಕಂಬವನ್ನು ಹಿಡಿದೇ ಇತ್ತು.

"ಅಕ್ಕಾ! ಇದಕ್ಕೆ ನಿನ್ನ ಕಣ್ಣು ಬರೀತೀನಿ. ಊರೆಲ್ಲ ಕಾವಲು ಕಾಯ್ಲಿ!"

"ಮಾತು ಸಾಕು, ಕೈ ಬಿಡ್ಬೇಡ!" ಎಂದು ಕೂಗಿದೆ. ಹನ್ನೊಂದು ಗಂಟೆಯ ಮಾತ್ರೆ ನನ್ನ ಚೀಲದಲ್ಲಿತ್ತು.