ಹಲ್ಲುಚಕ್ರದ ಚುಕ್ಕೆ

ಬೈಕಿನ ಕಿಕ್ಕರು ಮೊದಲ ತುಳಿತಕ್ಕೆ, ಕೆಸರಿನಲ್ಲಿ ಕಾಲಿಟ್ಟ ಹಾಗೆ, ಅರ್ಧಕ್ಕೂ ಮೀರಿ ಸುಮ್ಮನೆ ಇಳಿದುಹೋಯಿತು. ಕೊನೆಯಲ್ಲಿ ಮಾತ್ರ ಕರಕರನೆ ಹಲ್ಲು ಕಡಿದು ನಿಂತಿತು. ಎಂಜಿನ್ನು ಒಂದು ಕೆಮ್ಮನ್ನೂ ಕೆಮ್ಮಲಿಲ್ಲ. ಮೇಸ್ತ್ರಿ ಮತ್ತೆ ತುಳಿದ, ಮತ್ತೆ ಅದೇ. ನಾಲ್ಕನೆಯ ಸಲ ಕಾಲು ಜಾರಿ ಮೊಣಕಾಲ ಕೆಳಗಿನ ಮೂಳೆ ಫುಟ್‌ರೆಸ್ಟಿಗೆ ಬಡಿಯಿತು. ಅವನು ಬೈಕನ್ನು ಬೈಯಲಿಲ್ಲ. ಹೆಂಡತಿಯ ತಮ್ಮನನ್ನು ಬೈದ.

ಬೈಕು ದನದ ಡಾಕ್ಟರರದು. ನಲವತ್ತು ವರ್ಷದ ಹಳೆಯ ಡರ್ಟ್ ಬೈಕು. ಜೀಪು ಹತ್ತದ ಗುಡ್ಡದ ಮೇಲಿನ ಕೊಟ್ಟಿಗೆಗಳಿಗೆ ಡಾಕ್ಟರು ಈಗಲೂ ಅದರಲ್ಲೇ ಹೋಗುವುದು. ಅದನ್ನು ಮಾಡಿದ ಕಂಪನಿ ಬಿಡಿಭಾಗ ಕೊಡುವುದನ್ನು ನಿಲ್ಲಿಸಿ ಯಾವ ಕಾಲವಾಯಿತೋ. ಕಿಕ್ಕರಿನ ದಂಡದ ಮೇಲೆ ಕೂರುವ ಹಲ್ಲುಚಕ್ರ ಸವೆದುಹೋದಾಗ, ಹೊಸದು ಸಿಗದು ಎಂದು, ಮೇಸ್ತ್ರಿ ಅದನ್ನು ಬಿಚ್ಚಿ ಭಾವಮೈದನ ಲೇತಿಗೆ ಕಳಿಸಿದ್ದ. ಅವನು ಸವೆದ ಹಲ್ಲಿಗೆ ಲೋಹ ತುಂಬಿ, ಅರೆದು, ಹದಿನೈದು ದಿನದ ಮೇಲೆ ವಾಪಸ್ಸು ಕೊಟ್ಟಿದ್ದ. ಮೇಸ್ತ್ರಿ ಬೆಳಿಗ್ಗೆಯೇ ಅದನ್ನು ಕೂರಿಸಿ ಮುಚ್ಚಳ ಬಿಗಿದಿದ್ದ.

ಈಗ ಒಂದೊಂದನ್ನೇ ನೋಡುತ್ತ ಬಂದ. ಕಿಕ್ಕರಿನ ಬೋಲ್ಟು ಬಿಗಿಯಾಗಿತ್ತು. ಕೈಯಲ್ಲಿ ಒತ್ತಿ ಬಿಟ್ಟರೆ ಕಿಕ್ಕರು ಟಪ್ಪನೆ ಮೇಲೆ ಬರುತ್ತಿತ್ತು, ಅಂದರೆ ಸ್ಪ್ರಿಂಗ್ ಸರಿಯಾಗಿಯೇ ಇತ್ತು. ಎಣ್ಣೆಯೂ ಗೆರೆಯ ಮಟ್ಟಕ್ಕಿತ್ತು. ಉಳಿದದ್ದು ಆ ಚಕ್ರ ಒಂದೇ.

ಚಕ್ರ ಅಂದಕೂಡಲೇ ಅವನಿಗೆ ಭಾವಮೈದನ ಶೆಡ್ಡಿನ ಮೂಲೆಯಲ್ಲಿದ್ದ ನೀಲಿ ತಾಡಪಾಲು ನೆನಪಾಯಿತು. ಅದರ ಕೆಳಗೆ ಇದೇ ಮಾದರಿಯ ಇನ್ನೊಂದು ಬೈಕು ಆರು ವರ್ಷದಿಂದ ಅಂಗಾಂಗ ಬೇರೆ ಬೇರೆಯಾಗಿ ಬಿದ್ದಿತ್ತು. ಅಲ್ಲೊಂದು ತುಂಡು ಇಲ್ಲೊಂದು ತುಂಡು ಹುಡುಕಿ ತಂದು ಅದನ್ನು ಕೂಡಿಸುವುದೇ ಅವನ ಹುಚ್ಚು. ಸವೆದರೂ ಗಟ್ಟಿಯಿದ್ದ ಡಾಕ್ಟರರ ಚಕ್ರ ತಾನಿಟ್ಟುಕೊಂಡು, ತನ್ನ ಗುಜರಿ ಚಕ್ರಕ್ಕೆ ಹಲ್ಲು ಕಟ್ಟಿ ಕೊಟ್ಟಿದ್ದರೆ? ಮೊನ್ನೆ ಚಕ್ರ ಕೊಡುವಾಗ ಅವನು ಕಣ್ಣು ತಪ್ಪಿಸಿದ್ದನಲ್ಲವೇ? ಎಂದೂ ಇಲ್ಲದವನು ಅವತ್ತು ಒಂದು ಲೋಟ ನೀರನ್ನೂ ಕುಡಿಯದೆ ಹೊರಟಿದ್ದು ಯಾಕೆ? ಒಂದು ಅನುಮಾನಕ್ಕೆ ಜಾಗ ಕೊಟ್ಟರೆ ಅದು ನೆಂಟರಿಷ್ಟರನ್ನೆಲ್ಲ ಕರೆತರುತ್ತದೆ.

ಸೀರೆಯ ಸೆರಗಿಗೆ ಕೈ ಒರೆಸುತ್ತ ಬಂದ ಹೆಂಡತಿಗೆ ಅವನು ಇದನ್ನು ಅರ್ಧ ಹೇಳುವಷ್ಟರಲ್ಲಿ ಅವಳ ಹುಬ್ಬು ಗಂಟಾಯಿತು.

"ನನ್ನ ತಮ್ಮ ಕಳ್ಳ ಅಂತೀರಾ?"

"ನಾನು ಹಾಗಂದ್ನಾ?"

"ಬಾಯಲ್ಲಿ ಅನ್ನಲಿಲ್ಲ. ಅವನನ್ನೇ ಕರೀತೀನಿ, ಎದುರಿಗೇ ಕೇಳಿ. ಕಳ್ಳ ಅಂತಾದ್ರೆ ನಾನೂ ಅವನ ಹೊಸ್ತಿಲು ತುಳಿಯಲ್ಲ. ಅಲ್ಲ ಅಂತಾದ್ರೆ ನೀವು ಏನ್ಮಾಡ್ತೀರೋ ನೋಡ್ತೀನಿ."

ಇದು ಇಷ್ಟು ಬೇಗ ಇಲ್ಲಿಗೆ ಬರುತ್ತದೆಂದು ಮೇಸ್ತ್ರಿ ಎಣಿಸಿರಲಿಲ್ಲ. ಊರಿನಲ್ಲಿ ಇನ್ನೊಂದು ಲೇತಿರಲಿಲ್ಲ. ಹೆಂಡತಿಗೆ ಇನ್ನೊಬ್ಬ ತಮ್ಮನೂ ಇರಲಿಲ್ಲ. ಆದರೆ ಅಷ್ಟರಲ್ಲಿ ಅವನಿಗೆ ತನ್ನ ಅಪ್ಪನ ಉಪಾಯ ನೆನಪಾಗಿ ಧೈರ್ಯ ಬಂತು. ಗ್ಯಾರೇಜಿನಿಂದ ಹೊರಗೆ ಹೋಗುವ ಯಾವ ತುಂಡಿಗೂ ಪಂಚು ಎಂಬ ಸಣ್ಣ ಮೊನೆಯುಳಿಯಿಂದ ಒಂದು ಚುಕ್ಕೆ ಹೊಡೆಯದೆ ಅಪ್ಪ ಕಳಿಸಿದವನಲ್ಲ. ಬದಲಾಯಿಸಿ ಕೊಟ್ಟರೆ ಗೊತ್ತಾಗಲಿ ಎಂದು. ಅಪ್ಪನ ಕೈಯಿಂದ ಆ ಚಾಳಿ ಮಗನ ಕೈಗೆ ಇಳಿದಿತ್ತು, ಎಷ್ಟೆಂದರೆ ಚುಕ್ಕೆ ಹೊಡೆದದ್ದು ಕೈಗೆ ಗೊತ್ತು, ತಲೆಗೆ ಗೊತ್ತಿಲ್ಲ.

"ಕರಿ," ಅಂದ. "ನನ್ನ ಚುಕ್ಕೆ ಇದ್ರೆ ಅದು ನಾನು ಕಳಿಸಿದ ಚಕ್ರ. ಇಲ್ಲದಿದ್ರೆ ಅವನ ತಾಡಪಾಲು ಎತ್ತಿ ನೋಡೋಣ."

ಭಾವಮೈದ ಅಕ್ಕನ ಹಿಂದೆಯೇ ಬಂದ. ಅಂಗಿಯ ತುಂಬ ಲೋಹದ ಸಿಬಿರು. ಅಕ್ಕ ದಾರಿಯಲ್ಲೇ ಎಲ್ಲ ಹೇಳಿರಬೇಕು. ಏನೂ ಕೇಳದೆ ಗೋಣಿಚೀಲದ ಮೇಲೆ ಕುಕ್ಕರಗಾಲಲ್ಲಿ ಕೂತ.

"ಬಿಚ್ಚು ಭಾವ."

ಮೇಸ್ತ್ರಿ ಎಣ್ಣೆ ಬಸಿದು, ಕಿಕ್ಕರು ತೆಗೆದು, ಬಲಗಡೆಯ ಮುಚ್ಚಳ ಬಿಚ್ಚಿದ. ಚಕ್ರ ದಂಡದ ಮೇಲೆ ಕೂತಿತ್ತು. ಅದರ ಮುಖದ ಮೇಲೆ, ಎಣ್ಣೆಯ ಅಡಿಯಲ್ಲಿ, ಚುಕ್ಕೆ ಹೊಳೆಯುತ್ತಿತ್ತು.

ಅವನ ಚುಕ್ಕೆಯೇ. ಅಪ್ಪನ ಪಂಚಿನ ಮೊನೆ ಒಂದು ಕಡೆ ಮುಕ್ಕಾಗಿತ್ತು, ಅದು ಹೊಡೆದ ಚುಕ್ಕೆಯೂ ಒಂದು ಕಡೆ ಮುಕ್ಕು.

"ಇದೆಯಾ?" ಅಂದಳು ಹೆಂಡತಿ.

"ಇದೆ." ಉಗುರಿನಲ್ಲಿ ಅದನ್ನು ಕೆರೆದು, "ಹಲ್ಲು ಕಟ್ಟೋನಿಗೆ ಚುಕ್ಕೆ ನಕಲು ಮಾಡೋದು ಎಷ್ಟರ ಕೆಲಸ?" ಅಂದ. ಅಂದದ್ದು ತನ್ನ ಕಿವಿಗೇ ಕೆಟ್ಟದಾಗಿ ಕೇಳಿಸಿತು.

ಭಾವಮೈದ ಎದ್ದ. ಬಟ್ಟೆಯ ಚೂರನ್ನು ಪೆಟ್ರೋಲಿನಲ್ಲಿ ಅದ್ದಿ ಚಕ್ರದ ಮುಖವನ್ನು ನಿಧಾನವಾಗಿ, ಮಗುವಿನ ಮೂಗು ಒರೆಸುವ ಹಾಗೆ, ಒರೆಸಿದ. ನಲವತ್ತು ವರ್ಷದ ಮಸಿ ಬಿಟ್ಟುಕೊಟ್ಟ ಜಾಗದಲ್ಲಿ, ಮೇಸ್ತ್ರಿಯ ಚುಕ್ಕೆಯಿಂದ ಮೂರು ಹಲ್ಲು ಆಚೆಗೆ, ಇನ್ನೊಂದು ಚುಕ್ಕೆ ಕಂಡಿತು. ಸಣ್ಣದು, ದುಂಡಗೆ.

"ಇದು ಕಂಪನಿಯವರು ಹೊಡೆದಿದ್ದು ಭಾವ. ದಂಡದ ಚುಕ್ಕೆಗೆ ಎದುರಾಗಿ ಕೂರಿಸಬೇಕಾದ್ದು ಇದನ್ನ. ನೀನು ಕೂರಿಸಿರೋದು ನಿನ್ನ ಚುಕ್ಕೆನ."

ಮೇಸ್ತ್ರಿ ಬಗ್ಗಿ ನೋಡಿದ. ದಂಡದ ಚುಕ್ಕೆಗೂ ಅವನ ಚುಕ್ಕೆಗೂ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಬೆಳಿಗ್ಗೆ ಕಣ್ಣಿಗೆ ಕಂಡ ಚುಕ್ಕೆಯನ್ನೇ ಕಂಪನಿಯದೆಂದುಕೊಂಡು ಅಷ್ಟು ಜೋಪಾನವಾಗಿ ತಪ್ಪು ಮಾಡಿದ್ದ. ಮೂರು ಹಲ್ಲು ಆಚೀಚೆ ಕೂತ ಚಕ್ರ ಕಚ್ಚಬೇಕಾದ ಹೊತ್ತಿಗೆ ಕಚ್ಚುವುದಾದರೂ ಹೇಗೆ?

"ತಾನು ಕಳ್ಳ, ಪರರ ನಂಬ," ಅಂದಳು ಹೆಂಡತಿ, ಯಾರ ಮುಖವನ್ನೂ ನೋಡದೆ.

"ನಿಂಗೆ ಇದು ಮೊದಲೇ ಗೊತ್ತಿತ್ತಾ?" ಮೇಸ್ತ್ರಿ ಕೇಳಿದ.

"ನಿನ್ನ ಚುಕ್ಕೆನಾ? ಚಕ್ರ ಕೈಗೆ ಬಂದ ದಿನವೇ ಕಂಡೆ. ಪರ ಊರಿನ ಲೇತಿಗೆ ಕಳಿಸೋವಾಗ ನೀನು ಹೊಡೀತಿದ್ದೆ, ಸರಿ. ನಂಗೂ ಹೊಡೀತೀಯಾ ಅಂತ ಅವತ್ತೇ ಗೊತ್ತಾಗಿದ್ದು. ಅದಕ್ಕೇ ಮೊನ್ನೆ ವಾಪಸ್ಸು ಕೊಡೋವಾಗ ನೀರು ಕುಡೀಲಿಲ್ಲ."

ಮೇಸ್ತ್ರಿ ಚಕ್ರ ಎಳೆದು ತಿರುಗಿಸಿ, ಸಣ್ಣ ಚುಕ್ಕೆಯನ್ನು ದಂಡದ ಚುಕ್ಕೆಗೆ ಕೂಡಿಸಿದ. ಮುಚ್ಚಳ ಬಿಗಿದು, ಎಣ್ಣೆ ತುಂಬಿ, ಕಿಕ್ಕರು ಹಾಕಿದ. ಈ ಸಲ ಕಾಲಿಗೆ ಕೆಳಗಿಂದ ಯಾರೋ ತಡೆದ ಹಾಗೆ ಗಟ್ಟಿಯಾಗಿ ಸಿಕ್ಕಿತು. ಎರಡನೆಯ ತುಳಿತಕ್ಕೆ ಎಂಜಿನ್ನು ಗದರಿಕೊಂಡು ಎದ್ದು ಗ್ಯಾರೇಜಿನ ತುಂಬ ನೀಲಿ ಹೊಗೆ ಬಿಟ್ಟಿತು. ತಿರುಗಿ ನೋಡಿದರೆ ಗೋಣಿಚೀಲ ಖಾಲಿ. ಹೊಗೆಯ ಆಚೆ ಭಾವಮೈದನ ಬೆನ್ನು ರಸ್ತೆ ದಾಟುತ್ತಿತ್ತು.

ನಾಲ್ಕು ದಿನದ ಮೇಲೆ ಹೆಂಡತಿ ತಮ್ಮನ ಶೆಡ್ಡಿಗೆ ಹೋಗಿಬಂದವಳು ಕಾಗದದ ಪೊಟ್ಟಣವೊಂದನ್ನು ಅವನ ಮುಂದಿಟ್ಟಳು. ಒಳಗೆ ಹಳೆಯ ಕಾರ್ಬ್ಯುರೇಟರ್.

"ತಾಡಪಾಲಿನ ಬೈಕಿಂದು. ಶುಚಿ ಮಾಡಿ ಕೊಡ್ಬೇಕಂತೆ."

ಮೇಸ್ತ್ರಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕೆಲಸ ಕಳಿಸಿದ್ದಾನೆ ಅಂದಮೇಲೆ ಸಂಬಂಧ ಕಡಿದುಕೊಂಡಿಲ್ಲ. ಬೆಳಕಿಗೆ ಹಿಡಿದು, ಹಿಂದೆಮುಂದೆ ತಿರುಗಿಸಿದ. ತಳದಲ್ಲಿ, ಹುಡುಕುವ ಕಣ್ಣಿಗಷ್ಟೇ ಕಾಣುವ ಹಾಗೆ, ಆಗತಾನೆ ಹೊಡೆದ ಒಂದು ಚುಕ್ಕೆ.

ಹೆಬ್ಬೆರಳನ್ನು ಅದರ ಮೇಲಿಟ್ಟುಕೊಂಡೇ ಕೇಳಿದ:

"ಇದನ್ನ ಕೊಡೋವಾಗ ಅವನು ನಗ್ತಿದ್ನಾ?"

"ಲೇತಿನ ಕಡೆ ತಿರುಗಿದ್ದ," ಅಂದಳು ಹೆಂಡತಿ. "ಮುಖ ಕಾಣಲಿಲ್ಲ."